ಗಿಡದ ನಾರಿಗೆ ರೇಷ್ಮೆಯ ಹೊಳಪು: ಎರಡು ದಾರಿ

ರೇಷ್ಮೆಗೆ ಬದಲಿಯಾಗಿ ಗಿಡದಿಂದ ಬರುವ ನಾರು ಯಾವುವು ಅನ್ನುವ ಪ್ರಶ್ನೆಗೆ ಉತ್ತರ ಬರೆಯಲು ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಎಳೆ ಸುಟ್ಟು ನೋಡಿ. ಅಮ್ಮನ ಹಳೆ ಇಳಕಲ್ ಸೀರೆಯ ಸೆರಗಿನಿಂದ ಒಂದು ಕೆಂಪು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕಪ್ಪು ಗುಂಡು ಉಳಿಯಬೇಕಿತ್ತು. ಬಂದದ್ದು ಕಾಗದ ಸುಟ್ಟ ವಾಸನೆ, ಉಳಿದದ್ದು ಚೂರು ಬೂದಿ. ಅದು ಚಮಕಾ. ರೇಷ್ಮೆಯ ಜಾಗದಲ್ಲಿ ಇಳಕಲ್ ನೇಕಾರರು ಬಳಸುವ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಈ ಎಳೆ ರೇಯಾನಿನದು, ಅಂದರೆ ಮೂಲ ಗಿಡವೇ. (ಎಳೆ ಕರಗಿ ಗಟ್ಟಿ ಮಣಿಯಾದರೆ ಅದು ಪಾಲಿಯೆಸ್ಟರ್.)

ಆ ವಾಸನೆಯಲ್ಲೇ ಅರ್ಧ ಪಾಠ ಇದೆ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನ್. ಗಿಡದ ನಾರು ಕಾಗದದ ಹಾಗೆ ಸೆಲ್ಯುಲೋಸ್. ಗಿಡದ ನಾರು ರೇಷ್ಮೆ ಆಗಲಾರದು. ಆದರೆ ಆ ಹೊಳಪು, ನುಣುಪು ಬರಿಸಬಹುದು. ಅದಕ್ಕೆ ಎರಡು ದಾರಿ.

ಒಂದು, ನಾರನ್ನು ಇದ್ದ ಹಾಗೇ ಬಿಡಿಸುವುದು. ಫಿಲಿಪೀನ್ಸ್‌ನ ಅಕ್ಲಾನ್ ಪ್ರಾಂತ್ಯದ ಪಿನ್ಯಾ ಬಟ್ಟೆ ನನಗೆ ತುಂಬಾ ಇಷ್ಟದ ಉದಾಹರಣೆ. ಅನಾನಸ್ ಎಲೆಯನ್ನು ಹಲಗೆಯ ಮೇಲಿಟ್ಟು ಒಡೆದ ಪಿಂಗಾಣಿ ತಟ್ಟೆಯ ಅಂಚಿನಿಂದ ಹೆರೆಯುತ್ತಾರೆ. ಮೊದಲು ಒರಟು ನಾರು ಬರುತ್ತದೆ. ಅದನ್ನು ತೆಗೆದು ತೆಂಗಿನ ಚಿಪ್ಪಿನಿಂದ ಹೆರೆದರೆ ಒಳಗಿನ ನಯವಾದ ನಾರು ಸಿಗುತ್ತದೆ. ಅದರ ಹೆಸರು ಲಿನಿವಾನ್. ಆಮೇಲೆ ಎಳೆಗೆ ಎಳೆ ಕೈಯಲ್ಲೇ ಗಂಟು ಹಾಕಬೇಕು. 2023ರಲ್ಲಿ ಈ ನೇಯ್ಗೆ ಯುನೆಸ್ಕೋ ಪಟ್ಟಿಗೆ ಸೇರಿತು. ಮ್ಯಾನ್ಮಾರಿನ ಇನ್ಲೇ ಸರೋವರದಲ್ಲಿ ತಾವರೆ ದಂಟು ಮುರಿದು ನೂಲು ತೆಗೆಯುತ್ತಾರೆ. ದಂಟು ಮುರಿದಾಗ ಜೇಡರ ಬಲೆಯಂಥ ಎಳೆ ಜೋತಾಡುತ್ತದಲ್ವಾ, ಅದೇ. ಒಣಗುವ ಮೊದಲೇ ಅದನ್ನು ಹೊಸೆಯಬೇಕು. ಎರಡರಲ್ಲೂ ಕೈಕೆಲಸವೇ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ರೇಷ್ಮೆ ಮಾರುಕಟ್ಟೆಯನ್ನೇ ಇವು ತುಂಬುತ್ತವೆ ಅಂತ ಉತ್ತರದಲ್ಲಿ ಬರೆಯಬೇಡಿ.

ಇನ್ನೊಂದು, ಕರಗಿಸಿ ಮತ್ತೆ ಎಳೆ ತೆಗೆಯುವುದು. ರೇಷ್ಮೆ ಹುಳು ಮಾಡುವುದೂ ಇದನ್ನೇ: ಮೈಯೊಳಗಿನ ದ್ರವವನ್ನು ಸಣ್ಣ ತೂತಿನಿಂದ ಹೊರಗೆ ಬಿಡುತ್ತದೆ. ಫ್ರಾನ್ಸಿನ ಶಾರ್ಡೊನೆ ತನ್ನ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಮೇಳದಲ್ಲಿ ತೋರಿಸಿದ. ಅದಕ್ಕೆ ಬೇಗ ಬೆಂಕಿ ಹತ್ತುತ್ತಿತ್ತು. 1892ರಲ್ಲಿ ಇಂಗ್ಲೆಂಡಿನಲ್ಲಿ ವಿಸ್ಕೋಸ್ ಬಂತು, ಇದೂ ರೇಯಾನೇ. ಮರದ ತಿರುಳಿಗೆ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಸೇರಿಸುವ ಈ ವಿಧಾನ ಇವತ್ತಿಗೂ ನಡೆದಿದೆ. ಕಾರ್ಬನ್ ಡೈಸಲ್ಫೈಡಿನ ಆವಿ ಕೆಲಸಗಾರರ ನರಗಳನ್ನೇ ಹಾಳು ಮಾಡುತ್ತದೆ. 'ಬಿದಿರು ರೇಷ್ಮೆ' ಅಂತ ಮಾರುವುದರಲ್ಲಿ ಹೆಚ್ಚಿನದು ಇದೇ ವಿಸ್ಕೋಸ್. ಬಿದಿರು ಎಷ್ಟೇ ಬೇಗ ಬೆಳೆದರೂ ಈ ಆವಿ ಇಲ್ಲವಾಗುವುದಿಲ್ಲ.

ಲಯೋಸೆಲ್ ಎಂಬ ಇನ್ನೊಂದು ನಾರು ಇಲ್ಲಿ ಒಂದು ಹೆಜ್ಜೆ ಮುಂದೆ. ನೀಲಗಿರಿಯಂಥ ಮರದ ತಿರುಳನ್ನು ಎನ್‌ಎಂಎಂಒ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ. ಆ ದ್ರಾವಕದ ನೂರರಲ್ಲಿ ಸುಮಾರು 99 ಭಾಗ ವಾಪಸ್ ಹಿಡಿದು ಮತ್ತೆ ಬಳಸುತ್ತಾರೆ.

ಒಂದು ತೊಡಕು ಇದೆ. ವಿಸ್ಕೋಸ್ ಸುಟ್ಟರೂ ಲಯೋಸೆಲ್ ಸುಟ್ಟರೂ ಬರುವುದು ಅದೇ ಕಾಗದದ ವಾಸನೆ. ಇಲ್ಲಿ ಬೆಂಕಿಕಡ್ಡಿ ಕೆಲಸಕ್ಕೆ ಬರುವುದಿಲ್ಲ. ಲೇಬಲ್ ಓದಬೇಕು. ಸುಮ್ನೆ 'ಗಿಡದ ರೇಷ್ಮೆ' ಅಂತ ಇದ್ದರೆ ಯಾವುದರಲ್ಲಿ ಕರಗಿಸಿದ್ದು ಅಂತ ಕೇಳಬೇಕು.