ಮಂಜುನಾಥನಿಗೆ ವಯಸ್ಸೆಷ್ಟು?

ಮುಂದಿನ ಸಲ ಓಟು ಹಾಕಲು ಹೋಗಿ ಸಾಲಿನಲ್ಲಿ ನಿಂತು ಬೇಜಾರಾದರೆ, ಗೋಡೆಗೆ ಅಂಟಿಸಿರುವ ಮತದಾರರ ಪಟ್ಟಿ ಓದಿ. ನನಗಂತೂ ಅದು ಒಳ್ಳೆ ಕಾಲಕ್ಷೇಪ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಎಲ್ಲ ಒಂದೇ ಚೌಕದಲ್ಲಿರುತ್ತವೆ. ವಯಸ್ಸಿನ ಮೇಲೆ ಬೆರಳಿಟ್ಟು ಮುಚ್ಚಿ, ಬರೀ ಹೆಸರು ನೋಡಿ ಊಹೆ ಮಾಡಿ. ತಿಮ್ಮಕ್ಕ ಅಂದರೆ ಎಪ್ಪತ್ತೈದು ದಾಟಿರಬೇಕು. ನಾಗರತ್ನ, ಅರವತ್ತರ ಹತ್ತಿರ. ಮಂಜುನಾಥ, ಐವತ್ತರ ಆಸುಪಾಸು. ಕಾವ್ಯ, ಮೂವತ್ತರ ಆಚೀಚೆ. ಪ್ರತಿ ಸಲ ಸರಿ ಬರುವುದಿಲ್ಲ. ಆದರೆ ಹತ್ತು ಹದಿನೈದು ಹೆಸರು ಮುಗಿಯುವಷ್ಟರಲ್ಲಿ ಕೈ ಪಳಗುತ್ತದೆ.

ನಮ್ಮ ಹೈಸ್ಕೂಲು ಕ್ಲಾಸಿನಲ್ಲಿ ನಾಲ್ಕು ಜನ ಮಂಜುನಾಥರಿದ್ದರು. ಇನಿಷಿಯಲ್ಲೂ ಸಾಲದೆ ಮೇಷ್ಟ್ರು ಉದ್ದ ಮಂಜ, ಕನ್ನಡಕದ ಮಂಜ ಅಂತೆಲ್ಲ ಕರೆಯುತ್ತಿದ್ದರು. ಆ ನಾಲ್ವರ ಅಪ್ಪ ಅಮ್ಮ ಒಂದು ಕಡೆ ಕೂತು ಮಾತಾಡಿಕೊಂಡವರಲ್ಲ. ಬೇರೆ ಬೇರೆ ಊರು, ಬೇರೆ ಬೇರೆ ಜಾತಿ. ಎಲ್ಲರೂ ಧರ್ಮಸ್ಥಳಕ್ಕೆ ಹರಕೆ ಹೊತ್ತವರೂ ಅಲ್ಲ. ಆದರೂ ಅದೇ ಒಂದೆರಡು ವರ್ಷದಲ್ಲಿ ನಾಲ್ಕೂ ಮನೆಯವರಿಗೆ ಅದೇ ಹೆಸರು ಹೊಳೆದಿತ್ತು.

ಹೀಗೆ ಯಾಕಾಗುತ್ತದೆ ಅಂತ ನೋಡಲು ಲೆಕ್ಕ ಬೇಕು. ಅಂಥ ಲೆಕ್ಕ ಅಮೆರಿಕದಲ್ಲಿದೆ. ಅಲ್ಲಿ ಪಿಂಚಣಿ ನೋಡಿಕೊಳ್ಳುವ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಕಡತಗಳಲ್ಲಿ 1880ರಿಂದ ಹುಟ್ಟಿದವರ ಹೆಸರುಗಳಿವೆ. ಆ ವ್ಯವಸ್ಥೆ ಬಂದದ್ದೇ 1935ರಲ್ಲಿ. ಹಾಗಾಗಿ ಹಳೆಯ ವರ್ಷಗಳ ಲೆಕ್ಕ ದೊಡ್ಡವರಾದ ಮೇಲೆ ಅರ್ಜಿ ಹಾಕಿದವರದ್ದು, ಸ್ವಲ್ಪ ಅರೆಬರೆ. ಈ ಕಡತದಿಂದ ಹೆಸರಿನ ಪಟ್ಟಿ ಹೊರಬಂದದ್ದು ಒಬ್ಬ ಅಪ್ಪನ ಕಿರಿಕಿರಿಯಿಂದ. ಮೈಕಲ್ ಶ್ಯಾಕಲ್‌ಫರ್ಡ್ ಅಂತ ಆ ಇಲಾಖೆಯ ಲೆಕ್ಕಿಗರೊಬ್ಬರು. ಹೋದಲ್ಲೆಲ್ಲ ಇನ್ನೊಬ್ಬ ಮೈಕಲ್ ಸಿಕ್ಕಿ ಅವರಿಗೆ ಸಾಕಾಗಿತ್ತು. ಸಿಗದೆ ಏನು, 1954ರಿಂದ 1998ರವರೆಗೆ ಅಮೆರಿಕದ ಗಂಡು ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಮೈಕಲ್ಲೇ ಮೊದಲು. ನಡುವೆ 1960ರಲ್ಲಿ ಮಾತ್ರ ಡೇವಿಡ್ ಮುಂದೆ ಬಂದಿದ್ದ. 1997ರಲ್ಲಿ ಶ್ಯಾಕಲ್‌ಫರ್ಡ್ ಅವರ ಹೆಂಡತಿ ಬಸುರಿ. ನನ್ನ ಮಗುವಿಗೆ ಈ ಪಾಡು ಬೇಡ ಅಂತ ಅವರು ಕಡತಗಳಿಂದ ಹೆಸರು ಎಣಿಸುವ ಒಂದು ಪ್ರೋಗ್ರಾಂ ಬರೆದರು. ಈಗ ಇಲಾಖೆಯೇ ವರ್ಷ ವರ್ಷ ಪಟ್ಟಿ ಹಾಕುತ್ತದೆ. ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ ಬಿಟ್ಟುಬಿಡುತ್ತಾರೆ, ಮಗು ಯಾರದ್ದೆಂದು ಗೊತ್ತಾಗಬಾರದಲ್ಲ.

ಆ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೆಸರುಗಳ ಚದುರುವಿಕೆ. 1880ರಲ್ಲಿ ನೂರು ಗಂಡು ಮಕ್ಕಳಲ್ಲಿ ಎಂಟು ಜನ ಜಾನ್. ನೂರು ಹೆಣ್ಣು ಮಕ್ಕಳಲ್ಲಿ ಏಳು ಜನ ಮೇರಿ. ಇವತ್ತು ಮೊದಲ ಸ್ಥಾನದಲ್ಲಿರುವ ಲಿಯಂ, ಒಲಿವಿಯಾ ಅನ್ನುವ ಹೆಸರುಗಳು ನೂರರಲ್ಲಿ ಒಂದು ಮಗುವಿಗೆ ಇದ್ದರೆ ಜಾಸ್ತಿ.

ಈ ಕಥೆ ನಮ್ಮದೂ ಹೌದು. ಹಳೆ ಕಾಲದಲ್ಲಿ ಮಗುವಿಗೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ. ಹೆಸರು ಮನೆಯಲ್ಲೇ ಇತ್ತು. ಮೊದಲ ಗಂಡು ಮಗುವಿಗೆ ಅಜ್ಜನದು, ಹೆಣ್ಣು ಮಗುವಿಗೆ ಅಜ್ಜಿಯದು, ಇಲ್ಲವೇ ಮನೆದೇವರದು. ಮೈಲಾರನ ಒಕ್ಕಲಾದರೆ ಮೈಲಾರಪ್ಪ, ಮಾದಪ್ಪನ ಒಕ್ಕಲಾದರೆ ಮಾದೇವ, ತಿರುಪತಿಗೆ ನಡೆದುಕೊಳ್ಳುವವರಾದರೆ ತಿಮ್ಮ. ಇದರಲ್ಲಿ ಒಂದು ಪೇಚಾಟವೂ ಇತ್ತು. ಸೊಸೆ ಮಾವನ ಹೆಸರು ಹೇಳುವಂತಿಲ್ಲ, ಮಗನಿಗೋ ಮಾವನದೇ ಹೆಸರು. ಹಾಗಾಗಿ ಮಗ ಮನೆಯಲ್ಲಿ ಪುಟ್ಟನೋ ಅಪ್ಪಣ್ಣಿಯೋ ಆಗಿ ಬೆಳೆಯುತ್ತಿದ್ದ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಗುಂಡ, ಕಲ್ಲ, ತಿಪ್ಪ ಅಂತ ಇಡುತ್ತಿದ್ದರು. ಇಂಥ ಹೆಸರಿನ ಮಗುವಿನ ಮೇಲೆ ಸಾವಿನ ಕಣ್ಣು ಬೀಳದು ಅನ್ನುವ ನಂಬಿಕೆ. ಸಾಕಮ್ಮ ಅನ್ನುವುದು ‘ಹೆಣ್ಣು ಸಾಕು’ ಅಂತ ಇಟ್ಟದ್ದು ಎನ್ನುವವರೂ ಇದ್ದಾರೆ.

ಇಂಥ ಏರ್ಪಾಡಿನಲ್ಲಿ ಹೆಸರಿಗೆ ಫ್ಯಾಷನ್ ಇರುವುದಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅವನದು ಅವನ ಮೊಮ್ಮಗನಿಗೆ. ಹೆಸರು ಸುಮ್ನೆ ಸುತ್ತುತ್ತಿರುತ್ತದೆ. ಇದು ಯಾಕೆ ಮುರಿಯಿತು ಅನ್ನುವುದಕ್ಕೆ ಓದು, ಪಟ್ಟಣ, ಸಿನಿಮಾ ಅಂತ ಕಾರಣ ಕೊಡುತ್ತಾರೆ. ನನಗೆ ಇನ್ನೂ ಸಾದಾ ಎರಡು ಕಾರಣ ಕಾಣುತ್ತವೆ. ಒಂದು, ಮಕ್ಕಳು ಉಳಿಯತೊಡಗಿದ ಮೇಲೆ ತಿಪ್ಪ, ಗುಂಡರ ಕೆಲಸ ಮುಗಿಯಿತು. ಎರಡು, ಮನೆಗೆ ಆರು ಮಕ್ಕಳಿದ್ದಾಗ ನಾಲ್ಕೂ ಅಜ್ಜ ಅಜ್ಜಿಯರ ಹೆಸರು ಇಟ್ಟು ಇನ್ನೆರಡು ದೇವರಿಗೆ ಉಳಿಯುತ್ತಿತ್ತು. ಒಂದೇ ಮಗು ಆದಾಗ ಯಾರ ಹೆಸರು ಇಡುವುದು? ಅಪ್ಪನ ಕಡೆಯದೋ, ಅಮ್ಮನ ಕಡೆಯದೋ? ಜಗಳವೇ ಬೇಡ ಅಂತ ಯಾರದ್ದೂ ಅಲ್ಲದ ಹೊಸ ಹೆಸರು. ಆಯ್ಕೆ ಬಂತು ನೋಡಿ, ಅದರ ಹಿಂದೆಯೇ ಫ್ಯಾಷನ್ನೂ ಬಂತು.

ಸಿನಿಮಾ, ಹಾಡು ಹೆಸರು ಹುಟ್ಟಿಸುತ್ತವೆ ಅನ್ನುವುದು ನಿಜವೇ? ಅಮೆರಿಕದ ಪಟ್ಟಿಯಲ್ಲಿ 1947ರಲ್ಲಿ ದೊಡ್ಡ ನೆಗೆತವೊಂದು ಕಾಣುತ್ತದೆ. 1880ರಿಂದ ಮೊದಲ ಸ್ಥಾನದಲ್ಲಿ ಕೂತಿದ್ದ ಮೇರಿಯನ್ನು ಆ ವರ್ಷ ಲಿಂಡಾ ಕೆಳಗಿಳಿಸಿತು. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ 1 ಲಕ್ಷ ಲಿಂಡಾಗಳು! ಆಗ ರೇಡಿಯೋದಲ್ಲಿ ‘ಲಿಂಡಾ’ ಅನ್ನುವ ಹಾಡು ಮನೆಮಾತಾಗಿತ್ತು. ಆ ಹಾಡು ಬರೆದದ್ದು ಒಬ್ಬ ವಕೀಲರ ಪುಟ್ಟ ಮಗಳಿಗಾಗಿ. ಆ ಮಗು ದೊಡ್ಡವಳಾಗಿ ಬೀಟಲ್ಸ್‌ನ ಹಾಡುಗಾರ ಪಾಲ್ ಮೆಕಾರ್ಟ್ನಿಯನ್ನು ಮದುವೆಯಾದಳು, ಅದು ಬೇರೆ ಕಥೆ. ಹಾಡಿನಿಂದಲೇ ಹೆಸರು ಹಬ್ಬಿತು ಅನ್ನಬಹುದಿತ್ತು. ಆದರೆ ಹಿಂದಿನ ವರ್ಷ, 1946ರಲ್ಲೇ, ಲಿಂಡಾ ಎರಡನೇ ಸ್ಥಾನಕ್ಕೆ ಬಂದಾಗಿತ್ತು. ಏರುತ್ತಿದ್ದ ಹೆಸರಿಗೆ ಹಾಡು ಒಂದು ದೂಕು ಕೊಟ್ಟಿತು, ಅಷ್ಟೆ.

ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ವರ್ಷಗಟ್ಟಲೆ ಹೆಸರುಗಳನ್ನು ಕೆದಕಿ ಹೇಳಿದ್ದು ಇದನ್ನೇ. ಹೊರಗಿನ ಘಟನೆಗಳ ಕೈ ನಾವು ಅಂದುಕೊಂಡಷ್ಟು ಉದ್ದವಿಲ್ಲ. ರುಚಿ ಬದಲಾಗುವುದಕ್ಕೆ ಅದರದೇ ಒಳಗಿನ ಓಟವಿದೆ. ಆ ಓಟ ಹೆಚ್ಚಾಗಿ ಇರುವುದು ಸದ್ದಿನಲ್ಲಿ.

ಸದ್ದಿನ ಮಾತಿಗೆ ಒಂದು ವಿಚಿತ್ರ ಸಾಕ್ಷಿ ಇದೆ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ಮುಳುಗಿತು. ಆಮೇಲೆ ಮಗಳಿಗೆ ಕತ್ರೀನಾ ಅಂತ ಯಾರು ಇಟ್ಟಾರು? ಆದರೆ ಸಂಶೋಧಕ ಜೋನಾ ಬರ್ಗರ್ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ, ‘ಕ’ ಸದ್ದಿನಿಂದ ಶುರುವಾಗುವ ಹೆಸರುಗಳು ಶೇ 9ರಷ್ಟು ಹೆಚ್ಚಿದ್ದವು. ಹಗಲು ರಾತ್ರಿ ಕಿವಿಗೆ ಬಿದ್ದ ಸದ್ದು ಎಲ್ಲೋ ಒಳಗೆ ಉಳಿದುಕೊಳ್ಳುತ್ತದೆ. ಹೆಸರು ಬೇಡ ಅನಿಸಿದರೂ ಅದರ ಚೂರು ಇಷ್ಟವಾಗುತ್ತದೆ.

ಅಮೆರಿಕದ ಹುಡುಗರ ಹೆಸರಿಗೆ ಇದೇ ರೀತಿ ‘ನ್’ ಹಿಡಿದುಕೊಂಡಿತು. ಏಡನ್, ಜೇಡನ್, ಬ್ರೇಡನ್, ಹೇಡನ್. 2010ರ ಹೊತ್ತಿಗೆ ಅಲ್ಲಿ ಹುಟ್ಟಿದ ಗಂಡು ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನವರ ಹೆಸರು ‘ನ್’ನಲ್ಲೇ ಮುಗಿಯುತ್ತಿತ್ತು. ಒಂದೊಂದು ಹೆಸರೂ ನೂರರಲ್ಲಿ ಒಂದಕ್ಕಿಂತ ಕಡಿಮೆ. ಆದರೆ ಟೀಚರ್ ಹಾಜರಿ ಕೂಗಿದರೆ ಒಂದೇ ಹೆಸರನ್ನು ಹತ್ತು ಸಲ ಕೂಗಿದ ಹಾಗೆ. ಅಪರೂಪದ ಹೆಸರು ಹುಡುಕಿ ಇಟ್ಟೆವು ಅಂದುಕೊಂಡವರೆಲ್ಲ ಒಂದೇ ಓಣಿಯಲ್ಲಿ ಸೇರಿಕೊಂಡಿದ್ದರು.

ಈಗ ಮತ್ತೆ ನಮ್ಮ ಮತದಾರರ ಪಟ್ಟಿಗೆ ಬನ್ನಿ. ಹೆಸರುಗಳ ತಲೆ ಬಿಟ್ಟು ಬಾಲ ನೋಡಿ. ಗಂಡಸರಲ್ಲಿ ಮೇಲಿನ ವಯಸ್ಸಿನವರಿಗೆ ಅಪ್ಪ, ಅಯ್ಯ, ಅಣ್ಣ. ಅವರ ಕೆಳಗೆ ರಾಜ, ಮೂರ್ತಿ. ಆಮೇಲೆ ‘ಏಶ’ನ ದೊಡ್ಡ ಅಲೆ: ರಮೇಶ, ಸುರೇಶ, ನಾಗೇಶ, ಲೋಕೇಶ, ಮಹೇಶ. ಅದು ಇಳಿದ ಮೇಲೆ ನವೀನ್, ಪ್ರವೀಣ್, ರೋಹಿತ್, ಸಚಿನ್. ಈಗ ತೊಟ್ಟಿಲಲ್ಲಿ ಆರವ್, ಅದ್ವಿಕ್, ಶಿವಾಂಶ್. ಹೆಂಗಸರಲ್ಲಿ ಅಮ್ಮ, ಅಕ್ಕ, ಅವ್ವ ಹೋಗಿ ಲತಾ, ಕಲಾ, ವೇಣಿ, ಮಣಿ ಬಂದವು. ಆಮೇಲೆ ‘ಇತಾ’ ಗುಂಪು: ಸವಿತಾ, ಕವಿತಾ, ಅನಿತಾ, ಸುನೀತಾ. ಈಗ ಅನ್ವಿ, ಆದ್ಯ, ಇಷಿಕಾ.

ಇಲ್ಲಿ ಒಂದು ತಮಾಷೆ ಇದೆ. ದೇವರು ಬದಲಾಗಲೇ ಇಲ್ಲ. ಅಜ್ಜ ಈಶ್ವರಪ್ಪ, ಮಗ ಮಹೇಶ, ಮೊಮ್ಮಗ ಶಿವಾಂಶ್ ಆದರೆ ಮೂವರೂ ಶಿವನೇ. ಬದಲಾದದ್ದು ಕೊನೆಯ ಸದ್ದು ಮಾತ್ರ. ಇನ್ನೊಂದು ಸಂಗತಿ ಭಾಷೆಯದು. ಕನ್ನಡದ ಬಾಯಿಗೆ ಪದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಸ್ ಬಂದರೆ ಬಸ್ಸು ಅಂದೆವು, ಕಾರ್ ಬಂದರೆ ಕಾರು. ಹೆಸರಲ್ಲಿ ಮಾತ್ರ ಸುರೇಶನ ‘ಅ’ ಕತ್ತರಿಸಿ ಸುರೇಶ್ ಮಾಡಿದೆವು. ಅದ್ವಿಕ್ ಅಂತೂ ಹುಟ್ಟುವಾಗಲೇ ‘ಅ’ ಇಲ್ಲದೆ ಹುಟ್ಟಿತು. ಕಿವಿ ಉತ್ತರದ ಕಡೆಗೆ ತಿರುಗಿದೆ ಅನ್ನುವುದು ಇಲ್ಲಿ ಕೇಳಿಸುತ್ತದೆ.

ಬಾಲ ಕತ್ತರಿಸಿದ್ದಕ್ಕೆ ಸದ್ದೊಂದೇ ಕಾರಣ ಅಂದರೆ ಪೂರ್ತಿ ಸತ್ಯವಾಗುವುದಿಲ್ಲ. ಅಯ್ಯ, ಗೌಡ, ಶೆಟ್ಟಿ ಅನ್ನುವ ಬಾಲ ಜಾತಿ ಹೇಳುತ್ತಿತ್ತು. ರಮೇಶ ಅಂದರೆ ಯಾರೂ ಆಗಬಹುದು. ಕೆಂಚ, ಕರಿಯ ಅಂತ ಕೂಗಿಸಿಕೊಂಡವರು ಮಗನಿಗೆ ಸುರೇಶ ಅಂತ ಇಟ್ಟಾಗ ಅದು ಬರೀ ಫ್ಯಾಷನ್ ಆಗಿರಲಿಲ್ಲ.

ಅರ್ಥ ನೋಡಿ ಹೆಸರು ಇಡುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅನುಮಾನ. ‘ರಿಯಾನ್ವಿ’ ಅಂತ ಈಗ ಸುಮ್ನೆ ಒಂದು ಹೆಸರು ಕಟ್ಟಿದೆ ಅಂದುಕೊಳ್ಳಿ. ಅರ್ಥ ನನಗೂ ಗೊತ್ತಿಲ್ಲ. ಆದರೂ ಹುಡುಗಿ ಅಂತ ನಿಮಗೆ ತಕ್ಷಣ ಗೊತ್ತಾಯಿತು, ಅಲ್ವಾ? ವಯಸ್ಸೂ ಗೊತ್ತಾಯಿತು. ಲೀಬರ್ಸನ್ 1995ರಲ್ಲಿ ಇಂಥದೇ ಪರೀಕ್ಷೆ ಮಾಡಿದ್ದರು. ಅಮೆರಿಕದ ಕಪ್ಪು ಜನರ ಮನೆಗಳಲ್ಲಿ ಹೊಸದಾಗಿ ಕಟ್ಟಿದ, ಯಾರೂ ಕೇಳಿರದ ಹೆಸರುಗಳನ್ನು ತೋರಿಸಿ ಗಂಡೋ ಹೆಣ್ಣೋ ಅಂತ ಕೇಳಿದರು. ಜನ ಬಹಳಷ್ಟು ಸಲ ಸರಿಯಾಗಿಯೇ ಹೇಳಿದರು.

ಇನ್ನು ಹೆಸರು ಸಾಯುವ ಬಗೆ. 2003ರಲ್ಲಿ ಮ್ಯಾಥ್ಯೂ ಹಾನ್ ಮತ್ತು ಅಲೆಕ್ಸ್ ಬೆಂಟ್ಲಿ ಅನ್ನುವ ಸಂಶೋಧಕರು ಒಂದು ಸರಳ ಮಾದರಿ ಮುಂದಿಟ್ಟರು. ಪ್ರತಿ ಅಪ್ಪ ಅಮ್ಮನೂ ಸುತ್ತಮುತ್ತ ಇರುವ ಹೆಸರುಗಳಲ್ಲಿ ಒಂದನ್ನು ಕಣ್ಣುಮುಚ್ಚಿ ನಕಲು ಮಾಡುತ್ತಾರೆ, ಎಲ್ಲೋ ಒಬ್ಬರು ಹೊಸದು ಕಟ್ಟುತ್ತಾರೆ ಅಂದುಕೊಳ್ಳಿ. ಇಷ್ಟರಿಂದಲೇ ಕೆಲವು ಹೆಸರು ಸಿಕ್ಕಾಪಟ್ಟೆ, ಸಾವಿರಾರು ಹೆಸರು ಒಂದೋ ಎರಡೋ ಅನ್ನುವ ನಿಜವಾದ ಹಂಚಿಕೆ ಬಂದುಬಿಡುತ್ತದೆ. ಜೀವಿಗಳಲ್ಲಿ ವಂಶವಾಹಿಗಳು ಆಕಸ್ಮಿಕವಾಗಿ ಹೆಚ್ಚುವ, ಕಡಿಮೆಯಾಗುವ ಲೆಕ್ಕವೇ ಇದು.

ಆದರೆ ಜನ ಪೂರಾ ಕಣ್ಣು ಮುಚ್ಚಿಲ್ಲ. 2009ರಲ್ಲಿ ಬರ್ಗರ್ ಮತ್ತು ಗಾಯೆಲ್ ಲ ಮೆನ್ಸ್ ಅಮೆರಿಕ, ಫ್ರಾನ್ಸ್ ಎರಡರ ನೂರು ವರ್ಷದ ಹೆಸರು ನೋಡಿದರು. ಬೇಗ ಏರಿದ ಹೆಸರು ಬೇಗ ಇಳಿಯುತ್ತದೆ. ಗಿಡ ಬೆಳೆದ ಹಾಗೆ ನಿಧಾನ ಏರಿದ್ದು ನಿಲ್ಲುತ್ತದೆ. ದಿಢೀರನೆ ಎಲ್ಲ ಕಡೆ ಕೇಳಿಸಿದ ಹೆಸರು ಕಂಡರೆ ‘ಇದು ನಾಲ್ಕು ದಿನದ್ದು’ ಅಂತ ಅಪ್ಪ ಅಮ್ಮ ಹಿಂದೆ ಸರಿಯುತ್ತಾರೆ. ಫ್ರಾನ್ಸ್‌ನಲ್ಲಿ 1803ರ ಕಾನೂನಿನ ಪ್ರಕಾರ ಸಂತರ ಪಂಚಾಂಗದಲ್ಲಿರುವ, ಪ್ರಾಚೀನ ಚರಿತ್ರೆಯಲ್ಲಿರುವ ಹೆಸರೇ ಇಡಬೇಕಿತ್ತು. ಆ ಬಿಗಿ ಸಡಿಲವಾಗುತ್ತಾ ಬಂದು 1993ರಲ್ಲಿ ಪೂರ್ತಿ ಹೋಯಿತು. ಅದೇ ಹೊತ್ತಿಗೆ ಕೆವಿನ್ ಅನ್ನುವ ಹೆಸರು ಅಲ್ಲಿ ಮೊದಲ ಸ್ಥಾನಕ್ಕೇರಿ, ಅಷ್ಟೇ ವೇಗವಾಗಿ ಬಿತ್ತು. ಈಗ ಅಲ್ಲಿ ಕೆವಿನ್ ಅಂದರೆ ನಗುವವರಿದ್ದಾರೆ. ಪಾಪ, ಹೆಸರು ಇಟ್ಟಾಗ ಅದನ್ನು ಹೊತ್ತವರಿಗೆ ಒಂದು ದಿನದ ವಯಸ್ಸು.

ಬಿದ್ದ ಹೆಸರು ಮತ್ತೆ ಏಳುವುದೂ ಉಂಟು. ಎಮ್ಮಾ 1880ರಲ್ಲಿ ಅಮೆರಿಕದ ಮೂರನೇ ಹೆಸರು. 1970ರ ದಶಕದಲ್ಲಿ 400ರ ಆಚೆ ಹೋಗಿತ್ತು. 2008ರಲ್ಲಿ ಮೊದಲ ಸ್ಥಾನ! ಅಮ್ಮನ ಓರಗೆಯವರ ಹೆಸರು ಸಪ್ಪೆ. ಅಜ್ಜಿಯದು ಮುದುಕಿಯ ಹೆಸರು. ಮುತ್ತಜ್ಜಿಯದು ಕೇಳುವ ಹೊತ್ತಿಗೆ ಆ ಹೆಸರಿನವರು ಯಾರೂ ಉಳಿದಿರುವುದಿಲ್ಲ, ಹಾಗಾಗಿ ಹೊಸದು. ನಮ್ಮಲ್ಲೂ ಗೌರಿ, ರುದ್ರ, ವೇದ ಮತ್ತೆ ಕೇಳಿಸುತ್ತಿವೆ. ಗಮನಿಸಿ, ಗೌರಮ್ಮ ಬಂದಿಲ್ಲ, ರುದ್ರಪ್ಪ ಬಂದಿಲ್ಲ. ತಲೆ ಮಾತ್ರ ವಾಪಸ್ಸು, ಬಾಲ ಅಲ್ಲೇ ಉಳಿಯಿತು.

ಕೊನೆಗೆ ಒಂದು ಕ್ರಿಕೆಟ್ ಹೆಸರು. ನ್ಯೂಜಿಲೆಂಡ್ ತಂಡದ ರಚಿನ್ ರವೀಂದ್ರ ಹುಟ್ಟಿದ್ದು 1999ರಲ್ಲಿ, ವೆಲಿಂಗ್ಟನ್‌ನಲ್ಲಿ. ಅಪ್ಪ ಅಮ್ಮ ಬೆಂಗಳೂರಿನ ಕಡೆಯವರು. 2023ರ ವಿಶ್ವಕಪ್‌ನಲ್ಲಿ ರಚಿನ್ ಸೆಂಚುರಿ ಮೇಲೆ ಸೆಂಚುರಿ ಹೊಡೆದಾಗ ಊರೆಲ್ಲ ಒಂದೇ ಮಾತು: ರಾಹುಲ್ ದ್ರಾವಿಡ್‌ನ ‘ರಾ’, ಸಚಿನ್‌ನ ‘ಚಿನ್’ ಸೇರಿಸಿ ಇಟ್ಟ ಹೆಸರು. ಸಚಿನ್ ತೆಂಡೂಲ್ಕರ್ ಹೆಸರೂ ಅವರದೇ ಅಲ್ಲ ಬಿಡಿ, ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರಿಂದ ಬಂದದ್ದು. ಆದರೆ ರಚಿನ್‌ನ ತಂದೆ ಹೇಳಿದ್ದು ಬೇರೆ. ಹೆಸರು ಸೂಚಿಸಿದ್ದು ಹೆಂಡತಿ. ಹೆಚ್ಚು ಚರ್ಚೆಯೇನೂ ಮಾಡಲಿಲ್ಲ. ಕೇಳಲು ಚೆನ್ನಾಗಿತ್ತು, ಚಿಕ್ಕದಾಗಿತ್ತು, ಬರೆಯಲು ಸುಲಭವಿತ್ತು, ಇಟ್ಟರು. ಅದರೊಳಗೆ ರಾಹುಲ್ಲೂ ಸಚಿನ್ನೂ ಇದ್ದಾರೆ ಅಂತ ಅವರಿಗೆ ಹೊಳೆದದ್ದು ಕೆಲವು ವರ್ಷ ಕಳೆದ ಮೇಲಂತೆ.