ಸರಪಳಿಗೆ ಜಿಂಕ್ ಹಾಕಿಸುವ ಮೊದಲು ಅಳತೆ ನೋಡಿ

ಜೂನ್ 9ರ ಮಧ್ಯರಾತ್ರಿಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಶುರು. ಜುಲೈ 31ರವರೆಗೆ 52 ದಿನ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ಬೋಟುಗಳೆಲ್ಲ ಬಂದರು ಸೇರಿದ ಮೇಲೆ ಮಂಜೇಶ್ವರದ ನಮ್ಮ ವರ್ಕ್‌ಶಾಪಿನ ಅಂಗಳದಲ್ಲಿ ಲಂಗರಿನ ಸರಪಳಿಗಳ ರಾಶಿ ಬೀಳುತ್ತದೆ. ಉಪ್ಪಳ, ಕುಂಬಳೆ, ಕಾಸರಗೋಡು ಕಸಬಾ ಕಡೆಯಿಂದಲೂ ತರುತ್ತಾರೆ. ಕೆಲವರು ಲಂಗರು ಅನ್ನುತ್ತಾರೆ, ಕೆಲವರು ನಂಗೂರಂ ಅನ್ನುತ್ತಾರೆ. ಕೇಳುವುದು ಮಾತ್ರ ಒಂದೇ: "ಅಣ್ಣಾ, ಇದಕ್ಕೆ ಇನ್ನೊಮ್ಮೆ ಜಿಂಕ್ ಹಾಕಿಸಿದರೆ ಆಗ್ತದಾ, ಇಲ್ಲ ಹೊಸದೇ ತೆಗೀಬೇಕಾ?"

ಜಿಂಕ್ ಅಂದರೆ ಸತು, ತುಕ್ಕು ತಡೆಯಲು ಕಬ್ಬಿಣದ ಮೇಲೆ ಕೂರಿಸುವ ಪದರ. ಸರಪಳಿಯ ಬಣ್ಣ ನೋಡಿ ನಾನು ಇದಕ್ಕೆ ಉತ್ತರ ಹೇಳುವುದಿಲ್ಲ. ದಪ್ಪ ಅಳೆಯುವ ಕ್ಯಾಲಿಪರ್ ತೆಗೆದ ಮೇಲೆಯೇ ಹೇಳುವುದು.

ಕಳೆದ ಮಳೆಗಾಲದಲ್ಲಿ ಒಂದೇ ದಿನ ಎರಡು ಸರಪಳಿ ಬಂದವು. ಹೊಸದಿದ್ದಾಗ ಎರಡರ ಕೊಂಡಿಯ ಕಂಬಿಯೂ 10 ಮಿ.ಮೀ. ದಪ್ಪ. ಮೊದಲನೆಯದು ನೋಡಲು ಭಯವಾಗುವಷ್ಟು ಕೆಂಪು. ಮುಟ್ಟಿದರೆ ಕೈಗೆಲ್ಲ ತುಕ್ಕು. ಎರಡನೆಯದು ಬೂದು ಬಣ್ಣದಲ್ಲಿ ಹೊಸದರಂತೆ ಇತ್ತು, ಅಲ್ಲಲ್ಲಿ ಮಾತ್ರ ಸ್ವಲ್ಪ ಕಂದು. ಕೆಂಪು ಸರಪಳಿಯನ್ನು ವೈರ್ ಬ್ರಶ್‌ನಲ್ಲಿ ಉಜ್ಜಿ ಅಳೆದೆ. 9.6 ಬಂತು. ಬೂದು ಸರಪಳಿಯ ಒಂದು ಕೊಂಡಿಯನ್ನು ಸಡಿಲ ಮಾಡಿ ತಿರುಗಿಸಿದೆ. ಪಕ್ಕದ ಕೊಂಡಿ ಕೂತು ಉಜ್ಜಿದ ಜಾಗದಲ್ಲಿ ತಟ್ಟೆಯಂತೆ ಸವೆದ ಗುಂಡಿ. ಅಲ್ಲಿ 8.7.

ಸರಪಳಿ ಸವೆಯುವುದು ಈ ಜಾಗದಲ್ಲಿ. ಕೊಂಡಿಯ ಉದ್ದ ಬದಿಯನ್ನು ಅಳೆದು ಸರಿ ಇದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಸರಪಳಿ ಬಿಗಿಯಾಗಿದ್ದಾಗ ಆ ಗುಂಡಿ ಕಣ್ಣಿಗೆ ಬೀಳುವುದೇ ಇಲ್ಲ, ಇನ್ನೊಂದು ಕೊಂಡಿ ಅದರ ಮೇಲೆಯೇ ಕೂತಿರುತ್ತದೆ. ಆದ್ದರಿಂದ ಸಡಿಲ ಬಿಡಿ, ಕೊಂಡಿ ತಿರುಗಿಸಿ, ಬಾಗಿದ ತುದಿಯಲ್ಲಿ ಅಳೆಯಿರಿ. ಅಡ್ಡಲಾಗಿ ಒಮ್ಮೆ, ನೇರವಾಗಿ ಒಮ್ಮೆ. ಲಂಗರಿನ ಕಡೆಯ ಮೊದಲ ಎರಡು ಮೂರು ಮೀಟರಿನಲ್ಲಿ ಹೆಚ್ಚು ಕೊಂಡಿಗಳನ್ನು ನೋಡಿ. ತಳದ ಮರಳು, ಕಲ್ಲಿನ ಮೇಲೆ ಉರುಳಾಡುವುದು ಆ ಭಾಗವೇ.

ನಾನು ಪಾಲಿಸುವ ಲೆಕ್ಕ ಹತ್ತು ಶೇಕಡ. 10 ಮಿ.ಮೀ. ಸರಪಳಿ 9ಕ್ಕೆ ಇಳಿದರೆ ಅದರ ಕೆಲಸ ಮುಗಿಯಿತು. ಒಂದೇ ಮಿಲಿಮೀಟರ್ ಅಲ್ವಾ ಅನ್ನಿಸಬಹುದು. ಆದರೆ ಭಾರ ಹೊರುವುದು ಕಬ್ಬಿಣದ ಅಡ್ಡಕೊಯ್ತದ ಪೂರ್ತಿ ವಿಸ್ತೀರ್ಣ. 10ರಿಂದ 9ಕ್ಕೆ ಬಂದಾಗ ಆ ವಿಸ್ತೀರ್ಣದಲ್ಲಿ 19 ಶೇಕಡ ಹೋಗಿರುತ್ತದೆ. 8.7ಕ್ಕೆ ಬಂದಾಗ ಸುಮಾರು ಕಾಲು ಭಾಗವೇ ಇಲ್ಲ. ಜಿಂಕ್ ಹಾಕಿದರೆ ಈ ಕಬ್ಬಿಣ ವಾಪಸ್ ಬರುವುದಿಲ್ಲ. ಗುಂಡಿಯೂ ಬೆಳ್ಳಿಯಂತೆ ಹೊಳೆಯುತ್ತದೆ, ಅಷ್ಟೇ. ಆಗ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಮುಂದೆ ಯಾರಿಗೂ ಅನುಮಾನ ಬರುವುದಿಲ್ಲ.

ಕೆಂಪು ಸರಪಳಿಯನ್ನು ಜಿಂಕ್ ಹಾಕುವ ಪ್ಲಾಂಟಿಗೆ ಕಳಿಸಿದೆವು. ಬೂದು ಸರಪಳಿ ತಂದ ತಾಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ, ಬೇಸರವಾಯಿತು. "ಇಷ್ಟು ಚಂದ ಇದೆ ಅಲ್ವಾ ಅಣ್ಣಾ?" ಅಂತ ಎರಡು ಸಲ ಕೇಳಿದರು. ಅವರ ಕೈಗೇ ಕ್ಯಾಲಿಪರ್ ಕೊಟ್ಟೆ. ನಾಲ್ಕು ಕೊಂಡಿ ಅವರೇ ಅಳೆದರು. ಲಂಗರಿನ ಕಡೆಯ ನಾಲ್ಕು ಮೀಟರ್ ಮಾತ್ರ ಹೀಗೆ ಸವೆದಿತ್ತು, ಉಳಿದದ್ದು 9.5ರ ಮೇಲೆ ಇತ್ತು. ಆ ನಾಲ್ಕು ಮೀಟರ್ ಕತ್ತರಿಸಿದೆವು. ಕತ್ತರಿಸಿದ ತುಂಡನ್ನು ಅವರು ಟ್ರಾಲ್ ಬಲೆಯ ಕೆಳಹಗ್ಗಕ್ಕೆ ಭಾರವಾಗಿ ಕಟ್ಟಿಕೊಂಡರು.

ಸರಪಳಿಗೆ ಬಣ್ಣ ಹೊಡೆದರೆ ಯಾಕೆ ಸಾಲದು ಅಂತ ಕೇಳುವವರು ತುಂಬ ಜನ. ನಮ್ಮ ಮನೆಯ ಜಿಐ ಪೈಪು, ಹೆದ್ದಾರಿ 66ರ ಬದಿಯ ತಡೆಬೇಲಿ, ಕರೆಂಟಿನ ಟವರು, ಎಲ್ಲದರ ಮೇಲೆ ಇರುವುದು ಸತು. ಬಣ್ಣ ಕಬ್ಬಿಣವನ್ನು ಮುಚ್ಚುತ್ತದೆ. ಎಲ್ಲಿ ಎದ್ದು ಹೋಯಿತೋ ಅಲ್ಲಿ ತುಕ್ಕು ಒಳಗೆ ಹೊಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಸತು ಹಾಗಲ್ಲ. ಉಪ್ಪುನೀರಿನಲ್ಲಿ ಸತು ಮತ್ತು ಕಬ್ಬಿಣ ಒಟ್ಟಿಗೆ ಇದ್ದರೆ ಮೊದಲು ಕರಗುವುದು ಸತು. ಸಣ್ಣ ಗೀರು ಬಿದ್ದು ಕಬ್ಬಿಣ ಕಂಡರೂ, ಸುತ್ತಲಿನ ಸತು ತಾನು ಸವೆದು ಅದನ್ನು ಕಾಯುತ್ತದೆ. ಬೋಟಿನ ಅಡಿಗೆ, ಪ್ರೊಪೆಲ್ಲರ್ ಹತ್ತಿರ ಸತುವಿನ ಗಟ್ಟಿ ಕೂರಿಸುತ್ತೇವಲ್ಲ, ಅದೇ ಕೆಲಸ ಇದು. 1824ರಲ್ಲಿ ಹಂಫ್ರಿ ಡೇವಿ ಹಡಗಿನ ತಾಮ್ರದ ತಗಡನ್ನು ಉಳಿಸಲು ಇದೇ ದಾರಿ ಹಿಡಿದಿದ್ದರು. ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದರು. ಕ್ರಮ ಇವತ್ತಿಗೂ ಹೆಚ್ಚುಕಡಿಮೆ ಅದೇ.

ಪ್ಲಾಂಟಿನಲ್ಲಿ ಮೊದಲು ಎಣ್ಣೆ, ಗ್ರೀಸು ತೊಳೆಯುತ್ತಾರೆ. ಆಮೇಲೆ ಆಸಿಡ್ ತೊಟ್ಟಿ. ಅಲ್ಲಿ ತುಕ್ಕೂ ಹೋಗುತ್ತದೆ, ಉಳಿದ ಹಳೆ ಸತುವೂ ಹೋಗುತ್ತದೆ. ನೀರಿನಲ್ಲಿ ತೊಳೆದು, ಸತು ಚೆನ್ನಾಗಿ ಹಿಡಿಯಲು ಫ್ಲಕ್ಸ್ ಅನ್ನುವ ದ್ರಾವಣದಲ್ಲಿ ಮುಳುಗಿಸಿ, ಒಣಗಿಸಿ, ಕರಗಿದ ಸತುವಿನಲ್ಲಿ ಅದ್ದುತ್ತಾರೆ. ಸತು ಕರಗುವುದು 419 ಡಿಗ್ರಿಗೆ, ತೊಟ್ಟಿ ಸುಮಾರು 450 ಡಿಗ್ರಿಯಲ್ಲಿ ಇರುತ್ತದೆ. ಆ ಬಿಸಿಯಲ್ಲಿ ಸತು ಮತ್ತು ಕಬ್ಬಿಣ ಒಂದರೊಳಗೆ ಒಂದು ಬೆರೆತು ಪದರ ಪದರವಾಗಿ ಕೂರುತ್ತವೆ. ಒಳಗಿನ ಕೆಲವು ಪದರ ಅಡಿಯ ಕಬ್ಬಿಣಕ್ಕಿಂತಲೂ ಗಟ್ಟಿ. ಉಜ್ಜಾಟವನ್ನು ತಡೆಯುವ ಶಕ್ತಿ ಅಲ್ಲಿಂದ ಬರುತ್ತದೆ. 6 ಮಿ.ಮೀ.ಗಿಂತ ದಪ್ಪದ ಉಕ್ಕಿಗೆ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಸರಾಸರಿ 85 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಅದ್ದಿದ ಮೇಲೆ ಗಿರಗಿರ ತಿರುಗಿಸಿ ಹೆಚ್ಚಿನ ಸತುವನ್ನು ಚೆಲ್ಲಿಸುವ ವಸ್ತುಗಳಿಗೆ ಇದಕ್ಕಿಂತ ತೆಳುವಾದ ಪದರ ಸಾಕು ಅನ್ನುತ್ತದೆ ಅದೇ ಮಾನದಂಡ.

ಎಲೆಕ್ಟ್ರೋಪ್ಲೇಟಿಂಗ್ ಮಾಡಿದ, ಅಂದರೆ ಕರೆಂಟ್ ಹಾಯಿಸಿ ಸತು ಕೂರಿಸಿದ ಸರಪಳಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಫಳಫಳ ಹೊಳೆಯುತ್ತದೆ. ಅದರ ಸತು ಹತ್ತು ಮೈಕ್ರಾನಿನ ಆಸುಪಾಸು. ಗೇಟಿಗೆ ಹಾಕಿ, ಸಮುದ್ರಕ್ಕೆ ಬೇಡ. ಸ್ಪ್ರೇ ಡಬ್ಬಿಯ ಜಿಂಕ್ ಬಣ್ಣ ಲಂಗರಿನ ಗೀರಿಗೆ ಒಳ್ಳೆಯದು. ಸರಪಳಿಗೆ ಅದನ್ನು ಹೊಡೆದರೆ ಕೊಂಡಿ ಕೊಂಡಿ ಉಜ್ಜಿ ಬೇಗ ಎದ್ದು ಹೋಗುತ್ತದೆ.

ಸರಪಳಿಯನ್ನು ಪ್ಲಾಂಟಿಗೆ ಕೊಡುವಾಗ ಒಂದು ಮಾತು ಬಾಯಿಬಿಟ್ಟು ಹೇಳಲೇಬೇಕು: "ಇದು ಸರಪಳಿ, ಅಲ್ಲಾಡಿಸಬೇಕು." ಟವರಿನ ಕಬ್ಬಿಣ ಅದ್ದಿ ಅಭ್ಯಾಸವಾದವರಿಗೆ ಇದು ಹೊಳೆಯುವುದಿಲ್ಲ. ನಾನು ಮೊದಲ ಸಲ ಕಳಿಸಿದ 20 ಮೀಟರ್ ಒಂದೇ ಮುದ್ದೆಯಾಗಿ ಬಂತು. ರಾಶಿ ಮಾಡಿ ಅದ್ದಿ, ಹಾಗೇ ತಣ್ಣಗಾಗಲು ಬಿಟ್ಟಿದ್ದರು. ಕೊಂಡಿಗಳ ನಡುವೆ ಸತು ಹೆಪ್ಪುಗಟ್ಟಿತ್ತು. ಎರಡು ದಿನ ಸುತ್ತಿಗೆಯಲ್ಲಿ ಬಡಿದು ಬಿಡಿಸಿದೆವು. ಬಡಿದಲ್ಲೆಲ್ಲ ಪದರ ಚಕ್ಕೆ ಎದ್ದಿತು. ಬೋಟಿನವರು ಹಣ ಕೊಟ್ಟರು, ಆದರೆ ಆ ಹಣ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಈಗ ಮೊದಲೇ ಕೇಳುತ್ತೇನೆ. ತಿರುಗಿಸುವ ಯಂತ್ರ ಉಂಟಾ? ಇಲ್ಲದಿದ್ದರೆ ಸರಪಳಿಯನ್ನು ಉದ್ದಕ್ಕೆ ನೇತು ಹಾಕಿ, ಮೇಲೆತ್ತುವಾಗ ಕುಲುಕುತ್ತೀರಾ? ಎರಡೂ ಇಲ್ಲ ಅಂದರೆ ವಾಪಸ್ ತರುತ್ತೇನೆ.

ಉದ್ದ ಗುರುತಿಸಲು ಬಳಿದ ಬಣ್ಣವನ್ನು ನೀವೇ ತೆಗೆದು ಕೊಡಿ. ಆಸಿಡ್ ತುಕ್ಕನ್ನು ತಿನ್ನುತ್ತದೆ, ಬಣ್ಣವನ್ನು ಬಿಡಿಸುವುದಿಲ್ಲ. ಬಣ್ಣ ಇದ್ದಲ್ಲಿ ಸತು ಹಿಡಿಯದೆ ಕಪ್ಪು ಕಲೆ ಉಳಿಯುತ್ತದೆ. ಪದರ ಪದರ ತುಕ್ಕು ಇದ್ದರೆ ಅದನ್ನೂ ಮೊದಲೇ ಉದುರಿಸಬೇಕು. ನಾವು ಹಳೆಯ ಕಾಂಕ್ರೀಟ್ ಮಿಕ್ಸರ್‌ನಲ್ಲಿ ಸರಪಳಿಯನ್ನು ಒರಟು ಮರಳಿನ ಜೊತೆ ಹಾಕಿ ತಿರುಗಿಸುತ್ತೇವೆ. ಸದ್ದು ಬೀದಿಗೆಲ್ಲ ಕೇಳುತ್ತದೆ, ಕೆಲಸ ಚೆನ್ನಾಗಿ ಆಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ತಂದು ಮನೆಯಂಗಳದಲ್ಲಿ ಬಕೆಟಿಗೆ ಸುರಿಯಬೇಡಿ. ಸತುವಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಏಳುತ್ತದೆ, ಒಂದು ಬೀಡಿಯ ಕಿಡಿ ಸಾಕು. ಹಳೆ ಸತು ಇರುವ ಕೊಂಡಿಯನ್ನು ಗ್ಯಾಸ್‌ನಲ್ಲಿ ಕಾಯಿಸಿ ಕತ್ತರಿಸುವುದೂ ಬೇಡ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದನ್ನು ನಮ್ಮ ವೆಲ್ಡರ್ ಹುಡುಗರಲ್ಲೇ ಕಂಡಿದ್ದೇನೆ.

ಎರಡು ವಸ್ತುಗಳ ಬಗ್ಗೆ ತುಂಬ ಎಚ್ಚರ ಬೇಕು. ಒಂದು, ಪೈಪಿನಿಂದ ಮಾಡಿದ ಲಂಗರು. ಎರಡೂ ತುದಿ ವೆಲ್ಡಿಂಗ್ ಮಾಡಿ ಮುಚ್ಚಿದ ಪೈಪನ್ನು 450 ಡಿಗ್ರಿ ಸತುವಿನಲ್ಲಿ ಅದ್ದಿದರೆ ಒಳಗಿನ ಗಾಳಿ, ತೇವ ಹಿಗ್ಗಿ ಪೈಪು ಸಿಡಿಯುತ್ತದೆ. ಕರಗಿದ ಸತು ಪಕ್ಕದಲ್ಲಿ ನಿಂತವರ ಮೇಲೆ ಹಾರುತ್ತದೆ. ಎರಡೂ ತುದಿಯಲ್ಲಿ ತೂತು ಕೊರೆಯದೆ ಅಂಥ ಲಂಗರನ್ನು ಯಾರಿಗೂ ಕೊಡಬೇಡಿ. ಇನ್ನೊಂದು, ಹೆಚ್ಚು ಎಳೆತ ತಡೆಯುವಂತೆ ಕಾಯಿಸಿ ಹದ ಮಾಡಿದ ಹೈ ಟೆನ್ಸೈಲ್ ಸರಪಳಿ. ಲಾರಿಯಲ್ಲಿ ಸಾಮಾನು ಬಿಗಿಯುವ ಗ್ರೇಡ್ 70ರ ಸರಪಳಿಯನ್ನು ಕೆಲವರು ಬೋಟಿಗೂ ಹಾಕುತ್ತಾರೆ. ಆಸಿಡ್‌ನ ಹೈಡ್ರೋಜನ್ ಅದನ್ನು ಪೆಡಸು ಮಾಡಬಹುದು, ಸತುವಿನ ಬಿಸಿ ಅದರ ಹದ ಇಳಿಸಬಹುದು. ಸಾಮಾನ್ಯ ಮೆದು ಉಕ್ಕಿನ ಸರಪಳಿಗೆ ಈ ಭಯ ಇಲ್ಲ. ಕೊಂಡಿಯ ಮೇಲಿನ ಗುರುತು ಓದಿ, ಗ್ರೇಡ್ ಗೊತ್ತಾಗದಿದ್ದರೆ ಅದ್ದಿಸಬೇಡಿ. ಸರಪಳಿಯನ್ನು ಲಂಗರಿಗೆ ಜೋಡಿಸುವ, ಪಿನ್ನು ತಿರುಗಿಸಿ ಮುಚ್ಚುವ ಶ್ಯಾಕಲ್‌ಗಳನ್ನು ಬಿಚ್ಚಿಟ್ಟುಕೊಳ್ಳಿ, ಅದರ ತಿರುಪಿನ ಗೆರೆಗಳಲ್ಲಿ ಸತು ತುಂಬಿದರೆ ಪಿನ್ನು ಮತ್ತೆ ಹೋಗುವುದಿಲ್ಲ.

ಸರಪಳಿ ವಾಪಸ್ ಬಂದಾಗ ಸೂಜಿಯಂಥ ಸತುವಿನ ಹನಿಗಳು ಅಲ್ಲಲ್ಲಿ ಇರುತ್ತವೆ. ಅರದಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಎಳೆಯುವವನ ಅಂಗೈ ಸೀಳುತ್ತದೆ. ನಮ್ಮ ಊರಿಗೆ ಮಾತ್ರ ಸೇರಿದ ಒಂದು ತೊಂದರೆ ಇದೆ. ಕೆಲಸಕ್ಕೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಹೊಸ ಸತುವಿಗೆ ಗಾಳಿ ತಾಗಿ ನಿಧಾನವಾಗಿ ಒಂದು ಗಟ್ಟಿ ಪೊರೆ ಬರಬೇಕು. ಆ ಮೊದಲೇ ಒದ್ದೆ ಸರಪಳಿಯನ್ನು ರಾಶಿ ಹಾಕಿ ಟರ್ಪಾಲಿನಲ್ಲಿ ಸುತ್ತಿಟ್ಟರೆ ವಾರದೊಳಗೆ ಬಿಳಿ ಹಿಟ್ಟಿನಂಥ ತುಕ್ಕು ಏಳುತ್ತದೆ. ಹೊಸ ಸತುವೇ ಹೀಗೆ ವ್ಯರ್ಥವಾಗುವುದು. ಮಾಡಿನ ಅಡಿಯಲ್ಲಿ, ನೆಲಕ್ಕೆ ತಾಗದಂತೆ, ಬಿದಿರಿನ ಮೇಲೆ ಹರಡಿ ಅಥವಾ ನೇತು ಹಾಕಿ. ಗಾಳಿ ಆಡಲಿ.

ಆಗಸ್ಟಿನ ಮೇಲಿನ ಆರೈಕೆ ಕಷ್ಟದ್ದಲ್ಲ. ಸಿಹಿನೀರಿನಲ್ಲಿ ತೊಳೆಯುವುದು, ಒಣಗಿಸುವುದು, ಇವೇ ಮುಖ್ಯ. ಅಳಿವೆಯ ನೀರಿನಲ್ಲಿ ತೊಳೆದು ತೊಳೆದೆ ಅನ್ನಬೇಡಿ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆಗೆ ಉಪ್ಪು ಎಷ್ಟು ಮೇಲಕ್ಕೆ ಏರುತ್ತದೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಅದೇ ಹೊಳೆಗೆ ಬಾವಿಕ್ಕೆರೆಯಲ್ಲಿ ಅಣೆಕಟ್ಟು ಆಗುವ ಮೊದಲು ಪೇಟೆಯ ನಳ್ಳಿಯಲ್ಲೇ ಉಪ್ಪುನೀರು ಬರುತ್ತಿತ್ತು. ತೊಳೆಯುವಾಗ ಕೆಸರನ್ನೂ ಬಿಡಿಸಿ. ಅಳಿವೆಯ ಆ ಕಪ್ಪು ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದಲ್ಲ, ಆ ನಾತ ಗಾಳಿ ಇಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳದ್ದು. ಅವು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಸತುವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಕೆಸರು ಮೆತ್ತಿದ ಸರಪಳಿ ಬೋಟಿನ ಮೂಲೆಯ ಗೂಡಿನಲ್ಲಿ ವಾರಗಟ್ಟಲೆ ಕೂತರೆ ಈ ಕೆಲಸ ಹಗಲೂ ರಾತ್ರಿ ನಡೆಯುತ್ತದೆ. ಆ ಗೂಡಿನ ತಳದ ತೂತಿಗೆ ಬಲೆಯ ಚೂರು, ಮೀನಿನ ಪೊರೆ ಸಿಕ್ಕಿಕೊಂಡು ನೀರು ನಿಂತಿರುತ್ತದೆ. ತಿಂಗಳಿಗೊಮ್ಮೆ ಒಂದು ತಂತಿ ಹಾಕಿ ಬಿಡಿಸಿ.

ವರ್ಷಕ್ಕೊಮ್ಮೆ ಸರಪಳಿಯ ತಲೆ ಬುಡ ಬದಲಿಸಿ. ಲಂಗರಿನ ಕಡೆ ಇದ್ದ ತುದಿ ಹಗ್ಗದ ಕಡೆಗೆ ಬರಲಿ. ಸವೆತ ಎರಡೂ ಕಡೆಗೆ ಹಂಚಿ ಹೋಗುತ್ತದೆ. ಮತ್ತೆ ಜೋಡಿಸುವಾಗ ಸ್ಟೀಲ್ ಶ್ಯಾಕಲ್ ಚಂದ ಕಾಣುತ್ತದೆ ಅಂತ ಹಾಕಬೇಡಿ. ಸ್ಟೇನ್‌ಲೆಸ್ ಸ್ಟೀಲ್ ತಾಗಿದ ಕೊಂಡಿಯ ಸತು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ಜಿಐ ಶ್ಯಾಕಲ್ಲೇ ಹಾಕಿ. ಪಿನ್ನಿನ ತಿರುಪಿನ ಗೆರೆಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ ಬಿಗಿ ಮಾಡಿ, ಪಿನ್ನಿನ ಕಣ್ಣಿಗೆ ಜಿಐ ತಂತಿ ತೂರಿಸಿ ಶ್ಯಾಕಲಿನ ಮೈಗೆ ಎರಡು ಸುತ್ತು ಸುತ್ತಿ ಕಟ್ಟಿ. ತಂತಿಯ ತುದಿಯನ್ನು ಒಳಗೆ ಮಡಚಿ. ಮುಂದಿನ ಸಲ ಲಂಗರು ಎತ್ತಿದಾಗ ಆ ತಂತಿ ಅಲ್ಲೇ ಇದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.