ಶೆಟ್ಲಿ ಸಿಪ್ಪೆಯಿಂದ ಮೂಳೆಗೆ ಆಸರೆ

ಕಾರವಾರದಿಂದ ಕುಮಟಾವರೆಗೆ ನಮ್ಮ ಕಡೆ ಶೆಟ್ಲಿ (ಸಿಗಡಿ) ಸುಲಿದರೆ ಸಿಪ್ಪೆ ತೆಂಗಿನ ಬುಡಕ್ಕೆ. ಬಳಚು (ಚಿಪ್ಪಿನ ಮೃದ್ವಂಗಿ) ಬೇಯಿಸಿದರೆ ಚಿಪ್ಪು ಸುಣ್ಣದ ಭಟ್ಟಿಗೆ. ಇವೆರಡನ್ನೂ ಸೇರಿಸಿ ಮೂಳೆ ಬೆಳೆಯಲು ಆಸರೆಯಾಗುವ ವಸ್ತು ಮಾಡಬಹುದು.

ಮೊದಲು ಮೂಳೆಯನ್ನೇ ನೋಡೋಣ. ಕೋಳಿ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿಡಿ, ಬಾಗುತ್ತದೆ. ಖನಿಜ ಕರಗಿ ಬರೀ ಕೊಲಾಜನ್ ಎಂಬ ಪ್ರೋಟೀನಿನ ನಾರು ಉಳಿದಿರುತ್ತದೆ. ಅದೇ ಮೂಳೆಯನ್ನು ಸುಟ್ಟರೆ ನಾರು ಹೋಗಿ ಖನಿಜ ಉಳಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಗಟ್ಟಿತನ ಎರಡೂ ಸೇರಿದಾಗ ಮಾತ್ರ. ಆ ಖನಿಜವೇ ಹೈಡ್ರಾಕ್ಸಿಅಪಟೈಟ್. ಅದರ ಹರಳುಗಳು ಕೆಲವೇ ನ್ಯಾನೋಮೀಟರ್ ದಪ್ಪ.

ಶೆಟ್ಲಿ ಸಿಪ್ಪೆಗೆ ತೆಳು ಆಮ್ಲ ಹಾಕಿದರೆ ಬುಸುಬುಸು ನೊರೆ ಬಂದು ಸುಣ್ಣದ ಅಂಶ ಹೋಗುತ್ತದೆ. ಕಾಸ್ಟಿಕ್ ಸೋಡಾ ಪ್ರೋಟೀನ್ ತೆಗೆಯುತ್ತದೆ. ಈ ಹಂತದಲ್ಲಿ ಅವಸರ ಸಲ್ಲ, ಶೆಟ್ಲಿ ತಿಂದರೆ ಮೈ ತುರಿಸುವವರಿಗೆ ಆಗದಿರುವುದು ಶೆಟ್ಲಿಯ ಪ್ರೋಟೀನೇ. ಉಳಿಯುವುದು ಕೈಟಿನ್ ಎಂಬ ನಾರಿನಂಥ ವಸ್ತು. ಅದನ್ನು ಗಾಢ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಾಯಿಸಿದರೆ ಕೈಟೋಸಾನ್. ಕೊಲಾಜನ್ ನಾರಿನ ಜಾಗಕ್ಕೆ ಇದೇ. ಇನ್ನು ಬಳಚಿನ ಚಿಪ್ಪನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟು, ನೀರು ಸೇರಿಸಿ, ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟರೆ ಹೈಡ್ರಾಕ್ಸಿಅಪಟೈಟ್ ಬಿಳಿ ಖನಿಜವಾಗಿ ಸಿಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ-ರಂಜಕದ ಪರಮಾಣುಗಳ ಅನುಪಾತ 1.67 ಇರಬೇಕು.

ನಿಜವಾದ ಕಷ್ಟ ಇವೆರಡನ್ನೂ ಬೆರೆಸುವುದರಲ್ಲಿದೆ. ಕೈಟೋಸಾನ್ ದ್ರಾವಣಕ್ಕೆ ಸುಮ್ನೆ ಖನಿಜದ ಪುಡಿ ಸುರಿದರೆ ಅಂಬಲಿಯಲ್ಲಿ ಹಿಟ್ಟು ಗಂಟು ಕಟ್ಟಿದ ಹಾಗೆ ಕಣಗಳು ಗಂಟಾಗುತ್ತವೆ. ಭಾರ ಬಿದ್ದಾಗ ಬಿರುಕು ಶುರುವಾಗುವುದು ಆ ಗಂಟಿನಿಂದಲೇ. ಅದಕ್ಕೇ ಖನಿಜವನ್ನು ಬೇರೆ ಮಾಡಿ ಹಾಕುವ ಬದಲು ಕೈಟೋಸಾನ್ ದ್ರಾವಣದೊಳಗೇ ಹುಟ್ಟಿಸುವ ದಾರಿ ನನಗೆ ಜಾಸ್ತಿ ಸರಿ ಕಾಣುತ್ತದೆ. ಹರಳುಗಳು ಎಳೆಗಳ ನಡುವೆಯೇ ಬೆಳೆಯುವುದರಿಂದ ಒಂದಕ್ಕೊಂದು ಅಂಟುವುದು ಕಡಿಮೆ. ಆಮೇಲೆ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜುಗಡ್ಡೆಯನ್ನು ಆವಿಯಾಗಿಸುತ್ತಾರೆ. ಮಂಜು ಇದ್ದ ಜಾಗದಲ್ಲಿ ರಂಧ್ರಗಳು ಉಳಿಯುತ್ತವೆ. ಜೀವಕೋಶ, ರಕ್ತನಾಳ ಒಳಗೆ ಬರಲು ಅವು 100 ಮೈಕ್ರೋಮೀಟರ್‌ಗಿಂತ ದೊಡ್ಡದಿದ್ದರೆ ಒಳ್ಳೆಯದು.

ಆದದ್ದು ಏನು ಅಂತ ಕಣ್ಣಿಗೆ ತಿಳಿಯದು ಅಲ್ವಾ? ಎಕ್ಸ್-ರೇ ಹಾಯಿಸಿದಾಗ ಹರಳಿನಿಂದ ಚದುರಿದ ಕಿರಣ ಮೂಡಿಸುವ ಗೆರೆಗಳು ಅಗಲವಾಗಿದ್ದರೆ ಹರಳು ಚಿಕ್ಕದು ಅಂತ ಸೂಚನೆ. ಗಂಟುಗಳನ್ನೂ ರಂಧ್ರಗಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುತ್ತದೆ. ಚಿಪ್ಪು ಹೊಳೆಯ ಕೆಸರಿನಿಂದ ಬಂದದ್ದು, ಹಾಗಾಗಿ ಸೀಸ, ಕ್ಯಾಡ್ಮಿಯಂ ಇದೆಯೇ ಅಂತ ಪ್ರತಿ ಸಲವೂ ನೋಡಲೇಬೇಕು.

ಕೊನೆಗೆ ಕರಗುವ ಪರೀಕ್ಷೆ. ನಮ್ಮ ಮೈಯಲ್ಲಿರುವ ಲೈಸೋಜೈಮ್ ಕಿಣ್ವ ಕೈಟೋಸಾನನ್ನು ನಿಧಾನಕ್ಕೆ ಕತ್ತರಿಸುತ್ತದೆ. ಬೇಗ ಕರಗಿದರೆ ಹೊಸ ಮೂಳೆಗೆ ಆಸರೆ ತಪ್ಪುತ್ತದೆ, ತಡವಾದರೆ ಮೂಳೆ ಬೆಳೆಯಲು ಜಾಗವಿರುವುದಿಲ್ಲ. ಹಾಗಾಗಿ ತುಂಡನ್ನು 37 ಡಿಗ್ರಿಯ ಕಿಣ್ವದ ದ್ರಾವಣದಲ್ಲಿ ಮುಳುಗಿಸಿಟ್ಟು, ಆಗಾಗ ತೆಗೆದು ಒಣಗಿಸಿ ತೂಕ ನೋಡುತ್ತಾರೆ.